ಗಾನಮಿತ್ರರಿಗೆ ಹಿಡಿದಿಟ್ಟ ಕುರ್ಚಿ

ಅರಸೀಕೆರೆ,
ಒರೆಸಿದ ಮೇಲಿನ ನೂರ ಮೂವತ್ತೇಳನೆಯ ವರ್ಷ,
ಹದಿನಾಲ್ಕನೆಯ ತಿಂಗಳು, ವಾರದ ಎರಡನೆಯ ಭಾನುವಾರ

'ಸ್ವರಸಂಚಾರಿ' ವಾರಪತ್ರಿಕೆಯ ವಿಮರ್ಶಕರಾದ ಗಾನಮಿತ್ರರಿಗೆ,

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆಂದು ಕಾಗದ ಮಡಿಸಿಡಬೇಡಿ. ನಮ್ಮಲ್ಲಿ ವರ್ಷಕ್ಕೆ ತಿಂಗಳು ಹದಿನಾಲ್ಕು, ವಾರಕ್ಕೆ ಭಾನುವಾರ ಎರಡು. ಯಾಕೆಂದು ಹೇಳಹೊರಟರೆ ನನಗೆ ಕೊಟ್ಟಿರುವ ಹಾಳೆ ಮುಗಿದುಹೋಗುತ್ತದೆ. ನನ್ನ ಮಾತಿನ ರೀತಿಯೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಕ್ಷಮೆ ಇರಲಿ. ಬರವಣಿಗೆಯ ಕನ್ನಡವನ್ನು ನಾನು ಬಹುಪಾಲು ಕಲಿತದ್ದು ನಿಮ್ಮ ಪತ್ರಿಕೆಯಿಂದ. ಹಾಗಾಗಿ ಎಲ್ಲಾದರೂ ಕೈತಪ್ಪಿ 'ಮನಸೂರೆಗೊಂಡರು' ಎಂದು ಬರೆದುಬಿಟ್ಟರೆ ತಪ್ಪು ನನ್ನದಲ್ಲ, ನಿಮ್ಮದು.

ನನ್ನ ಹೆಸರು ಹೊನ್ನಾಜಮ್ಮ. ಇಲ್ಲಿನ ಕಾಗದಮನೆಯಲ್ಲಿ ಹಳೆಯ ಸಂಪುಟಗಳ ಬೆನ್ನು ಬಿಚ್ಚಿ ಮತ್ತೆ ಹೊಲಿಯುವುದು ನನ್ನ ಕೆಲಸ. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಲೋಕದ ಹಾಡುಗಳನ್ನೆಲ್ಲ ಒಂದೇ ಕಡೆ ಕೂಡಿಟ್ಟಿದ್ದರಂತೆ. ಬೇಕೆಂದಾಗ ಕೇಳಿದರಾಯಿತು ಎಂದು ಜನ ಕಲಿಯುವುದನ್ನೂ ಕಲಿಸುವುದನ್ನೂ ಬಿಟ್ಟರು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕೂಡಿಟ್ಟದ್ದೆಲ್ಲ ಹೋಗಿತ್ತು, ಮಗು ಸ್ಲೇಟು ಒರೆಸಿದ ಹಾಗೆ. ಅದನ್ನೇ ನಾವು ಒರೆಸು ಎನ್ನುತ್ತೇವೆ, ವರ್ಷಗಳನ್ನು ಅಲ್ಲಿಂದ ಎಣಿಸುತ್ತೇವೆ. ಉಳಿದದ್ದು ಕಾಗದ ಮಾತ್ರ. ಅದರಲ್ಲೂ ಸಂಗೀತದ ಬಗ್ಗೆ ನಮ್ಮ ಸೀಮೆಯಲ್ಲಿ ಉಳಿದದ್ದು ನಿಮ್ಮ 'ಸ್ವರಸಂಚಾರಿ'ಯ ಹನ್ನೊಂದು ವರ್ಷದ ಸಂಚಿಕೆಗಳು. ಯಾರದೋ ಅಟ್ಟದ ಮೇಲೆ ಅವು ಹಾಗೇ ಇದ್ದವು, ಇಲಿಗಳಿಗೂ ಬೇಡವಾಗಿದ್ದವೇನೋ.

ಈ ಓಲೆ ನಿಮಗೆ ಹಿಂಚೆಯಲ್ಲಿ ಬಂದಿದೆ. ಅಂಚೆ ಮುಂದಕ್ಕೆ ಹೋಗುತ್ತದೆ, ಹಿಂಚೆ ಹಿಂದಕ್ಕೆ. ಅದು ನಡೆಯುವ ಬಗೆ ನನಗೂ ತಿಳಿಯದು, ನಿಯಮ ಮಾತ್ರ ಗೊತ್ತು. ಅಚ್ಚಿನಲ್ಲಿ ಹೆಸರು ಹಾಕಿ ಬರೆದವರಿಗೇ ಕಳಿಸಬೇಕು. ಅವರು ಯಾವ ದಿನದ ಬಗ್ಗೆ ಬರೆದರೋ ಆ ದಿನದ ಬೆಳಿಗ್ಗೆ ಅದು ಅವರ ಕೈ ಸೇರುತ್ತದೆ. ಒಂದು ಮನೆತನಕ್ಕೆ ಒಂದೇ ಓಲೆ. ನನ್ನ ತಮ್ಮ ಹಾಲಪ್ಪನಿಗೆ ನಮ್ಮ ಮನೆಯ ಓಲೆಯನ್ನು ಯಾರಾದರೂ ತೋಟಗಾರಿಕೆಯ ಲೇಖಕರಿಗೆ ಬರೆದು, ಮಾವಿಗೆ ಕಸಿ ಕಟ್ಟುವುದು ಹೇಗೆಂದು ಕೇಳುವ ಆಸೆಯಿತ್ತು. ನಮ್ಮಲ್ಲಿ ಉಳಿದಿರುವುದು ಹುಳಿ ಮಾವು ಮಾತ್ರ. ನಾನು ಹಠ ಹಿಡಿದು ಅದನ್ನು ನಿಮಗೆ ಬರೆಯುತ್ತಿದ್ದೇನೆ. ಎಂಟು ದಿನದಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಹಾಡು ಹೋದ ಮೇಲೆ ಹಿರಿಯರು ಓದುಕಚೇರಿ ಎಂಬುದನ್ನು ಶುರುಮಾಡಿದರು. ವಾರದ ಎರಡನೆಯ ಭಾನುವಾರ ಸಂಜೆ ಊರಿನವರು ತಲೆಗೆ ನೀರು ಹಾಕಿಕೊಂಡು, ಒಳ್ಳೆಯ ಬಟ್ಟೆ ಉಟ್ಟು, ನಿಮ್ಮ ಕಾಲದಲ್ಲಿ ಸಂಗೀತ ಕಚೇರಿ ನಡೆಯುತ್ತಿದ್ದ ಅದೇ ಸಭಾಂಗಣಕ್ಕೆ ಬಂದು ಕೂರುತ್ತಾರೆ. ವೇದಿಕೆಯ ಮೇಲೆ ತಂತಿಯಿಲ್ಲದ ಒಂದು ತಂಬೂರಿ ಒರಗಿಸಿರುತ್ತೇವೆ. ಮೂರನೆಯ ಸಾಲಿನ ಕೊನೆಯ ಕುರ್ಚಿಯ ಮೇಲೆ ಒಗೆದ ಟವೆಲ್ ಹಾಸಿರುತ್ತೇವೆ, ಅಲ್ಲಿ ಯಾರೂ ಕೂರುವಂತಿಲ್ಲ. ಯಾಕೆಂದು ಮಕ್ಕಳು ಕೇಳಿದರೆ, ಬರಬೇಕಾದವರು ಇನ್ನೂ ಬಂದಿಲ್ಲ ಎಂದು ಹೇಳುವುದು ರೂಢಿ. ಓದುಗಿತ್ತಿಯಾದವಳು ನಿಮ್ಮ ಒಂದು ವಿಮರ್ಶೆಯನ್ನು ನಿಧಾನವಾಗಿ ಓದುತ್ತಾಳೆ, ರಾಗದ ಹೆಸರು ಬಂದ ಕಡೆ ನಿಲ್ಲಿಸುತ್ತಾಳೆ. ಆಮೇಲೆ ನಲವತ್ತು ನಿಮಿಷ ಎಲ್ಲರೂ ಸುಮ್ಮನೆ ಕೂತು, ಅದು ಹೇಗಿದ್ದಿರಬಹುದು ಎಂದು ನೆನೆಯುತ್ತೇವೆ. ಕೆಲವರು ತೊಡೆಯ ಮೇಲೆ ತಾಳ ಹಾಕುತ್ತಾರೆ, ಒಬ್ಬೊಬ್ಬರದು ಒಂದೊಂದು ತಾಳ. ಸಪ್ತಸ್ವರ ನಮ್ಮ ಮಕ್ಕಳಿಗೂ ಗೊತ್ತು, ಯಾವ ರಾಗಕ್ಕೆ ಯಾವ ಸ್ವರವೆಂಬ ಪಟ್ಟಿಯೂ ಕಾಗದದಲ್ಲಿ ಉಳಿದಿದೆ. ಆದರೆ ಕೇಳದ್ದನ್ನು ಹಾಡಬಾರದು ಎಂಬುದು ಇಲ್ಲಿನ ಕಟ್ಟುಪಾಡು. ಆ ಹೊತ್ತಿನಲ್ಲಿ ಎಲ್ಲೋ ಬಾಗಿಲು ಕಿರ್ರೆಂದರೆ ಇಡೀ ಸಭೆ ಒಟ್ಟಿಗೆ ತಲೆ ಎತ್ತುತ್ತದೆ. ಚಿಕ್ಕಂದಿನಿಂದಲೂ ನನಗೆ ಆ ನಲವತ್ತು ನಿಮಿಷ ಕಂಡರೆ ಭಯ.

ನಿಮ್ಮನ್ನು ಇಷ್ಟು ವರ್ಷ ಓದಿದವಳೆಂಬ ಸಲಿಗೆಯಿಂದ ಒಂದೆರಡು ಮಾತು ಹೇಳುತ್ತೇನೆ. ನಿಮ್ಮ ಪತ್ರಿಕೆಯಲ್ಲಿ ಸಭಾಂಗಣ ಒಮ್ಮೆಯೂ ಖಾಲಿ ಇಲ್ಲ, ಸದಾ ಕಿಕ್ಕಿರಿದಿರುತ್ತದೆ. ಪಕ್ಕವಾದ್ಯ ಸದಾ ಪೂರಕವಾಗಿರುತ್ತದೆ. ಹನ್ನೊಂದು ವರ್ಷದಲ್ಲಿ ಒಬ್ಬ ಮೃದಂಗದವನೂ ಎಡವಿಲ್ಲ. ಹಾಡಿದವರೆಲ್ಲ ಸುಶ್ರಾವ್ಯವಾಗಿ ಹಾಡಿ ಶ್ರೋತೃಗಳನ್ನು ನಾದಲೋಕಕ್ಕೆ ಕರೆದೊಯ್ದವರೇ. ಅಷ್ಟು ಜನ ಅಲ್ಲಿಗೆ ಹೋದರು, ಅಲ್ಲಿ ಏನಿತ್ತು ಎಂದು ಒಬ್ಬರೂ ಬಂದು ಹೇಳಲಿಲ್ಲ. ಅಧ್ಯಕ್ಷರ ಭಾಷಣಕ್ಕೆ ಹದಿನಾಲ್ಕು ಸಾಲು, ವಂದನಾರ್ಪಣೆಗೆ ಮೂರು, ಹೊದಿಸಿದ ಶಾಲಿನ ಬಣ್ಣಕ್ಕೆ ಒಂದು, ರಾಗಕ್ಕೆ ಅರ್ಧ. ನಿಮ್ಮ ಕಾಲದ ಶಾಲು ಹೇಗಿತ್ತೆಂದು ಕೇಳಿದರೆ ನಾನು ನೇಯ್ದು ತೋರಿಸಬಲ್ಲೆ, ಹಾಡು ಹೇಗಿತ್ತೆಂದು ಕೇಳಿದರೆ ಬಾಯಿ ಮುಚ್ಚಿಕೊಂಡು ಕೂರಬೇಕು. ಆದರೆ ತಿಪಟೂರಿನ ಒಂದು ಕಚೇರಿಯ ಊಟದಲ್ಲಿ ಬಡಿಸಿದ ಬಿಸಿಬೇಳೆಬಾತಿನ ಬಗ್ಗೆ ನೀವು ಒಂದು ವಾಕ್ಯ ಬರೆದಿದ್ದೀರಿ. ತುಪ್ಪ ಇಳಿಯುವಾಗ ಅನ್ನ ಒಂದು ಗಳಿಗೆ ಸುಮ್ಮನಾಯಿತು ಎಂದು. ಅದನ್ನು ಓದಿದಾಗ ನಮ್ಮ ಇಡೀ ಸಭೆಯ ಬಾಯಲ್ಲಿ ನೀರೂರುತ್ತದೆ. ಬರೆಯಲು ಬಾರದವರ ಮೇಲೆ ನನಗೆ ಸಿಟ್ಟಿಲ್ಲ. ನಿಮಗೆ ಬರುತ್ತಿತ್ತು, ಆದರೂ ನೀವು ಬರೆಯಲಿಲ್ಲ.

ಇನ್ನು ನಮ್ಮ ಮನೆಯ ವಿಷಯ. ವಿದುಷಿ ಕನಕಲತಾ ನಮ್ಮ ವಂಶದವರು, ನನ್ನ ಅಜ್ಜಿ ಸಾಕಮ್ಮನಿಗಿಂತ ಐದು ತಲೆಮಾರು ಹಿಂದಿನವರು. ನಮ್ಮವರಲ್ಲಿ ಅಚ್ಚಿನಲ್ಲಿ ಹೆಸರು ಬಂದದ್ದು ಅವರೊಬ್ಬರದೇ, ಅದೂ ನಿಮ್ಮ ಆರು ಸಾಲಿನಲ್ಲಿ. ಅರಸೀಕೆರೆಯ ಕಿಕ್ಕಿರಿದ ಸಭಾಂಗಣದಲ್ಲಿ ಅವರು ಮೋಹನ ರಾಗವನ್ನು ಸುಶ್ರಾವ್ಯವಾಗಿ ನಿರೂಪಿಸಿದರು, ಪಿಟೀಲು ಪೂರಕವಾಗಿತ್ತು. ವರ್ಷಕ್ಕೊಮ್ಮೆ ನಮ್ಮೂರಿನಲ್ಲಿ ಆ ಆರು ಸಾಲಿನ ಓದುಕಚೇರಿ ನಡೆಯುತ್ತದೆ, ನಮ್ಮ ಮನೆಯವರಿಗೆ ಮುಂದಿನ ಸಾಲು ಮೀಸಲು. ನನಗೆ ಹತ್ತೊಂಬತ್ತು ತುಂಬಿದ ವರ್ಷ ಓದುಗಿತ್ತಿಯ ಸ್ಥಾನ ನನಗೇ ಬಂತು. ಕಾಗದ ಹಿಡಿದು ವೇದಿಕೆ ಹತ್ತಿದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮೋಹನ ಎಂದು ಓದಿ ನಿಲ್ಲಿಸಿದೆ. ನಲವತ್ತು ನಿಮಿಷ ಶುರುವಾಯಿತು. ಸ್ವಲ್ಪ ಹೊತ್ತಿನ ಮೇಲೆ ಸಾಕಮ್ಮಜ್ಜಿ ಗಂಟಲಲ್ಲೇ ಏನನ್ನೋ ಗುನುಗತೊಡಗಿದಳು. ಅಕ್ಕಿ ಆರಿಸುವಾಗ ಅವಳು ಮನೆಯಲ್ಲಿ ಗುನುಗುತ್ತಿದ್ದದ್ದೇ ಅದು, ಅವಳಿಗೆ ಅವಳ ಅವ್ವನಿಂದ, ಆ ಅವ್ವನಿಗೆ ಅವಳ ಅವ್ವನಿಂದ ಬಂದದ್ದು. ಅಡುಗೆಮನೆಯ ಗುನುಗನ್ನು ಯಾರೂ ಸಂಗೀತವೆಂದು ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಅದರಲ್ಲಿ ಮಧ್ಯಮ ಬರುತ್ತಿತ್ತು. ಪಟ್ಟಿಯ ಪ್ರಕಾರ ಮೋಹನದಲ್ಲಿ ಮಧ್ಯಮಕ್ಕೆ ಜಾಗವಿಲ್ಲ. ನಾಲ್ಕಾರು ಹಿರಿಯರು ಹುಬ್ಬು ಗಂಟಿಕ್ಕಿ ತಿರುಗಿದರು. ನಾನು ವೇದಿಕೆಯಿಂದಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಅಜ್ಜಿ, ಸುಮ್ನಿರು. ಕಾಗ್ದದಲ್ಲಿ ಮೋಹನ ಅಂತಿದೆ."

ಅವಳು ನನ್ನ ಮುಖ ನೋಡಲಿಲ್ಲ, ನನ್ನ ಕೈಯಲ್ಲಿದ್ದ ಕಾಗದ ನೋಡಿದಳು. "ಹಂಗಾದ್ರೆ ನಾವೇ ತಪ್ಪು ಕಲ್ತಿದ್ವೇನೋ, ಬಿಡವ್ವ," ಅಂದಳು.

ಆಮೇಲೆ ಏಳು ವರ್ಷ ಬದುಕಿದ್ದಳು. ಅಕ್ಕಿಯನ್ನು ಬಾಯಿ ಬಿಡದೆ ಆರಿಸುತ್ತಿದ್ದಳು. ಎರಡು ಸಲ ನಾನೇ ಹತ್ತಿರ ಹೋಗಿ ಕೂತು ಗುನುಗು ಎಂದು ಕೇಳಿದೆ. ತಪ್ಪಾದ್ದನ್ನು ಇನ್ನೊಬ್ಬರ ಬಾಯಿಗೆ ಯಾಕೆ ಹಾಕಲಿ ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಅವಳ ಜೊತೆ ಅದೂ ಹೋಯಿತು. ಒಂದು ಕಡೆ ಅದು ಮೇಲಕ್ಕೆ ಏರುತ್ತಿತ್ತು, ಏರಿದ ಮೇಲೆ ಇಳಿಯುತ್ತಿರಲಿಲ್ಲ; ನನ್ನ ನೆನಪಿನಲ್ಲಿ ಉಳಿದಿರುವುದು ಇಷ್ಟೇ. ಬೆಳಗಿನ ಹೊತ್ತು ಕೆಲಸ ಮಾಡುವಾಗ ಆ ಜಾಗದವರೆಗೆ ಬಂದೇಬಿಟ್ಟೆ ಅನ್ನಿಸುತ್ತದೆ. ತಲೆ ಎತ್ತಿದರೆ ಸೂಜಿ, ದಾರ, ಅಂಟು ಮಾತ್ರ ಕಾಣುತ್ತವೆ.

ನಿಮ್ಮ ಕಾಲದ ಬೈಂಡಿಂಗಿನವರಿಗೆ ಒಂದು ಅಭ್ಯಾಸವಿತ್ತು, ನಿಮಗೆ ಗೊತ್ತಿರಲಿಕ್ಕಿಲ್ಲ. ಸಂಪುಟದ ಬೆನ್ನು ಗಟ್ಟಿಯಾಗಲೆಂದು ಒಳಗೆ ರದ್ದಿ ಕಾಗದ ಅಂಟಿಸುತ್ತಿದ್ದರು. ನಿಮ್ಮ ಪತ್ರಿಕೆಯ ರದ್ದಿಯೆಂದರೆ ಅಚ್ಚು ಮಾಡದೆ ಬಿಸಾಕಿದ ಓದುಗರ ಕಾರ್ಡುಗಳು. ಅವುಗಳಲ್ಲಿ ಬಹಳಷ್ಟು ಒಬ್ಬನೇ ಅಭಿಮಾನಿಯವು, ಅರಸೀಕೆರೆಯ ಟೈಲರ್ ಗೌಸ್‌ಪೀರ್ ಎಂಬವನವು. ವಾರ ತಪ್ಪದೆ ನಿಮಗೆ ಬರೆಯುತ್ತಿದ್ದ, ವಾರ ತಪ್ಪದೆ ನೀವು ಬಿಸಾಕುತ್ತಿದ್ದಿರಿ. ಒಂದು ಕಾರ್ಡಿನಲ್ಲಿ, ನಿಮ್ಮ ವಿಮರ್ಶೆ ಓದಿದೆ, ಊಟ ಚೆನ್ನಾಗಿತ್ತು ಎಂದಿದ್ದಾನೆ. ಇನ್ನೊಂದರಲ್ಲಿ, ನೀವು ಹೊಗಳಿದ ಗಾಯಕರು ಸತ್ತು ಎರಡು ತಿಂಗಳಾಯಿತು, ಬಹುಶಃ ಅದಕ್ಕೇ ನಾದಲೋಕದಿಂದ ಹಾಡಿದರೇನೋ ಎಂದಿದ್ದಾನೆ. ಅವನ ಬೆಂಕಿಕಡ್ಡಿ ಗೀರಿದಂಥ ಮಾತಿಗೆ ಕಾಗದಮನೆಯಲ್ಲಿ ಒಬ್ಬಳೇ ಕೂತು ನಕ್ಕಿದ್ದೇನೆ. ಈ ವರ್ಷ ಕನಕಲತಾ ಅವರ ವಿಮರ್ಶೆಯಿರುವ ಸಂಪುಟವನ್ನು ಮರುಹೊಲಿಗೆಗೆ ಬಿಚ್ಚಿದೆ. ಬೆನ್ನಿನೊಳಗೆ ಅವನ ಆ ವಾರದ ಕಾರ್ಡು ಇತ್ತು. ಪೂರ್ತಿ ಬರೆಯುತ್ತೇನೆ, ಈ ಸಲವಾದರೂ ಓದಿ.

"ಗಾನಮಿತ್ರರೇ, ನನ್ನನ್ನೂ ಸೇರಿಸಿ ಹನ್ನೊಂದು ಜನ ಇದ್ದೆವು. ಕಿಕ್ಕಿರಿದವರು ಎಲ್ಲಿ ಕೂತಿದ್ದರು? ಪಿಟೀಲಿನವರು ಬರಲೇ ಇಲ್ಲ, ಅದು ಯಾವುದಕ್ಕೆ ಪೂರಕವಾಯಿತೋ. ನಿಮಗೆಂದು ಮೂರನೇ ಸಾಲಿನ ಕೊನೇ ಕುರ್ಚಿಗೆ ಟವೆಲ್ ಹಾಕಿ ಹಿಡಿದಿಟ್ಟಿದ್ದೆ, ಕೊನೇವರೆಗೂ ಬಾಗಿಲು ನೋಡಿದೆ. ಮೋಹನ ಇದ್ದದ್ದು ಆಮಂತ್ರಣದ ಕಾರ್ಡಿನಲ್ಲಿ. ಆಯಮ್ಮ ಕಾರ್ಡನ್ನು ಪಕ್ಕಕ್ಕಿಟ್ಟು, ಫೋನೆಲ್ಲ ಆಫ್ ಮಾಡಿಸಿ, ಇದು ನಮ್ಮವ್ವ ಹೇಳಿಕೊಟ್ಟದ್ದು, ಹೆಸರು ಗೊತ್ತಿಲ್ಲ, ಇನ್ನು ವೇದಿಕೆ ಮೇಲೆ ಹಾಡಲು ಗಂಟಲು ಬಿಡಲ್ಲ ಅಂದು ನಲವತ್ತು ನಿಮಿಷ ಹಾಡಿದರು. ಅಳತೆ ತಗೊಳ್ಳದೆ ಜುಬ್ಬ ಹೊಲಿದರೆ ನನ್ನ ಗಿರಾಕಿ ಬಿಡ್ತಾನಾ? ನೀವು ಕೇಳದೆ ಹೇಗೆ ಬರೆದಿರಿ? ನನಗೆ ರಾಗ ಗುರುತಿಸಲು ಬರಲ್ಲ. ಆದರೂ ಹೇಳ್ತೀನಿ, ಒಂದು ಕಡೆ ಮೇಲಕ್ಕೆ ಹೋಯಿತು, ಹೋಗಿದ್ದು ಇಳಿಯಲೇ ಇಲ್ಲ. ಅದು ಹೇಗಿತ್ತು ಅಂದರೆ"

ಅಲ್ಲಿಗೆ ಬೈಂಡಿಂಗಿನವನ ಕತ್ತಿ ಬಿದ್ದಿದೆ. ಉಳಿದ ತುಂಡಿಗಾಗಿ ಹನ್ನೊಂದು ಸಂಪುಟಗಳ ಬೆನ್ನನ್ನೂ ಬಿಚ್ಚಿದೆ, ಸಿಗಲಿಲ್ಲ. ಆ ದಿನ ನಾನು ಕಾಗದಮನೆಯ ನೆಲದ ಮೇಲೆ ಕೂತು ಅತ್ತೆ. ಅಜ್ಜಿ ತಪ್ಪು ಕಲಿತಿರಲಿಲ್ಲ. ಊರೆಲ್ಲ ಹಾಡದ ಮೋಹನವನ್ನು ನೆನೆಯುತ್ತ ಕೂತಿದ್ದಾಗ, ಕನಕಲತಾ ನಿಜವಾಗಿ ಹಾಡಿದ್ದು ಅವಳೊಬ್ಬಳ ಬಾಯಲ್ಲಿತ್ತು, ಆ ಬಾಯಿಯನ್ನು ಮುಚ್ಚಿಸಿದವಳು ನಾನು. ಗೌಸ್‌ಪೀರ್ ಆಮೇಲೂ ಪ್ರತಿ ಕಚೇರಿಗೆ ಆ ಕುರ್ಚಿಗೆ ಟವೆಲ್ ಹಾಕುತ್ತಲೇ ಇದ್ದನೇನೋ, ಅವನ ನಂತರದವರು ಕಾರಣ ತಿಳಿಯದೆ ಮುಂದುವರಿಸಿದರೇನೋ. ಬರಬೇಕಾದವರು ಯಾರೆಂದು ಕೇಳದೆ ನಾವು ಅದನ್ನು ಒಗೆದು ಹಾಸುತ್ತ ಬಂದಿದ್ದೇವೆ. ಅದು ನಿಮ್ಮ ಜಾಗ.

ಗಾನಮಿತ್ರರೇ, ನೀವು ಇದನ್ನು ಓದುತ್ತಿರುವುದು ಆ ಭಾನುವಾರದ ಬೆಳಿಗ್ಗೆ. ಆಮಂತ್ರಣದ ಕಾರ್ಡು ನಿಮ್ಮ ಮೇಜಿನ ಮೇಲಿದೆ. ಅದನ್ನು ನೋಡಿಕೊಂಡು ಆರು ಸಾಲು ಬರೆದು, ಊಟ ಮಾಡಿ ಮಲಗುವ ಯೋಚನೆ ನಿಮಗಿರಬಹುದು. ಕಚೇರಿ ಸಂಜೆ ಐದಕ್ಕೆ. ನೀವಿರುವ ಹಾಸನದಿಂದ ಅರಸೀಕೆರೆ ದೂರವಲ್ಲ. ಹೊರಡಿ. ಗೌಸ್‌ಪೀರ್ ಚುಚ್ಚಿ ಮಾತಾಡಿದರೆ ಬೈಸಿಕೊಳ್ಳಿ, ಬೈಯುವ ಹಕ್ಕು ಅವನಿಗಿದೆ. ರಾಗದ ಹೆಸರು ಹುಡುಕಬೇಡಿ. ಅದು ಏರಿ ಇಳಿಯದೆ ನಿಂತಾಗ ನಿಮಗೆ ಏನಾಯಿತೋ ಅದನ್ನು ಬರೆಯಿರಿ, ಅನ್ನಕ್ಕೆ ತುಪ್ಪ ಇಳಿದದ್ದನ್ನು ಬರೆದ ಹಾಗೆ. ಅಧ್ಯಕ್ಷರ ಭಾಷಣ ಬಿಟ್ಟುಬಿಡಿ, ಶಾಲಿನ ಬಣ್ಣ ನಮಗೆ ಬೇಡ. ಮೋಹನ ಎಂಬ ಒಂದು ಮಾತನ್ನು ಬರೆಯದಿದ್ದರೂ ಸಾಕು. ಕಾಗದ ಸುಮ್ಮನಿದ್ದರೆ ಅಜ್ಜಿಯನ್ನು ಸುಮ್ಮನಿರಿಸಲು ನನಗೆ ಆಧಾರವಿರುವುದಿಲ್ಲ.

ನೀವು ಹೋದರೆ ಇಲ್ಲಿ ಏನೇನು ಬದಲಾಗುತ್ತದೋ ನಾನರಿಯೆ. ನಮ್ಮ ಓದುಕಚೇರಿ ಇರಲಿಕ್ಕಿಲ್ಲ, ಈ ಓಲೆ ಬರೆದ ಹೊನ್ನಾಜಮ್ಮನೂ ಇರಲಿಕ್ಕಿಲ್ಲ. ಹಿಂಚೆಯವರು ಅದನ್ನು ಮೊದಲೇ ಹೇಳಿ ನನ್ನಿಂದ ರುಜು ಹಾಕಿಸಿಕೊಂಡಿದ್ದಾರೆ. ಆದರೆ ಯಾವುದೋ ಅಡುಗೆಮನೆಯಲ್ಲಿ ಒಬ್ಬಳು ಮುದುಕಿ ಮೊರ ಹಿಡಿದು ಕೂತು ಗುನುಗುತ್ತಿರುತ್ತಾಳೆ, ಪಕ್ಕದಲ್ಲಿ ಮೊಮ್ಮಗಳು ಕೇಳಿಸಿಕೊಳ್ಳುತ್ತಿರುತ್ತಾಳೆ. ಅವಳು ನಾನಲ್ಲದಿದ್ದರೂ ಪರವಾಗಿಲ್ಲ.

ಇವತ್ತು ನಮ್ಮಲ್ಲೂ ಭಾನುವಾರ, ವಾರದ ಎರಡನೆಯದು, ಕನಕಲತಾ ಅವರ ದಿನ. ಈ ಓಲೆಯನ್ನು ಹಿಂಚೆಗೆ ಹಾಕಿ ನೇರವಾಗಿ ಸಭಾಂಗಣಕ್ಕೆ ಹೋಗುತ್ತೇನೆ. ಬಾಗಿಲಲ್ಲಿ ನಿಂತು ಮೊದಲು ಮೂರನೆಯ ಸಾಲಿನ ಕೊನೆಯ ಕುರ್ಚಿ ನೋಡುತ್ತೇನೆ. ಟವೆಲ್ ಇನ್ನೂ ಅಲ್ಲೇ ಇದ್ದರೆ, ನೀವು ಹೋಗಲಿಲ್ಲ ಎಂದು ತಿಳಿದುಕೊಳ್ಳುತ್ತೇನೆ.

ಸಾಕಮ್ಮನನ್ನು ಸುಮ್ಮನಿರಿಸಿದ ಮೊಮ್ಮಗಳು,
ಹೊನ್ನಾಜಮ್ಮ