ಅಳತೆಗೆ ನೀವೇ ಬನ್ನಿ

ಮಾಜಿ ಅಧ್ಯಕ್ಷರಿಗೆ ಹಳೆಯ ದರ್ಜಿಯ ನಮಸ್ಕಾರ.

ಕ್ಷಮಾದಾನ ಸಿಕ್ಕಿ ದೇಶಕ್ಕೆ ಮರಳುವಾಗ ತೊಡಲು ಹೊಸ ಕೋಟು ಬೇಕೆಂದು ಬರೆದಿದ್ದೀರಿ. ಹಳೆಯ ಅಳತೆ ನಂಬಿ ಹೊಲಿದರೆ ಕೋಟು ನಿಮ್ಮನ್ನೇ ನುಂಗೀತು. ಮಧ್ಯಾಹ್ನ ಹೊಲಿಗೆ ಯಂತ್ರಕ್ಕೆ ತಲೆಯಾನಿಸಿದರೆ ಸಾಕು, ಕನಸಿನಲ್ಲಿ ನಿಮ್ಮ ಅಳತೆ ತೆಗೆಯುತ್ತಿರುತ್ತೇನೆ. ಟೇಪು ಬೀದಿ ದಾಟಿ, ಕಡಲು ದಾಟಿ ಹರಿಯುತ್ತಲೇ ಇರುತ್ತದೆ, ನಿಮ್ಮ ಭುಜ ಮಾತ್ರ ಸಿಗುವುದಿಲ್ಲ.

ನಿಮ್ಮ ಸೆರೆಮನೆಯಲ್ಲಿ ತೀರಿಕೊಂಡ ನನ್ನಣ್ಣನ ಕೋಟು ಇನ್ನೂ ಅಂಗಡಿಯಲ್ಲಿದೆ. "ನಾನೇ ಬಂದು ಒಯ್ತೀನಿ, ಯಾರೂ ಮುಟ್ಬೇಡಿ" ಅಂದು ಹೋಗಿದ್ದ. ನಿಮ್ಮ ಹೊಸ ಕೋಟು ತೂಗುಹಾಕಲು ಗೋಡೆಯಲ್ಲಿ ಬೇರೆ ಕೊಕ್ಕೆ ಖಾಲಿಯಿಲ್ಲ. ಅಣ್ಣನ ಕೋಟನ್ನು ಇಳಿಸಲು ನನಗೆ ಕೈ ಏಳುವುದಿಲ್ಲ.

ಕ್ಷಮೆಗೆ ಕಾಯದೆ ಬನ್ನಿ. ನೀವೇ ಇಳಿಸಿ ಅತ್ತಿಗೆಯ ಕೈಗೆ ಕೊಡಿ. ನಿಮ್ಮನ್ನು ಕ್ಷಮಿಸಬಹುದೇ ಎಂದು ಸರ್ಕಾರ ಕೇಳಿರುವ ಕಾಗದ ಅವರ ಬಳಿಯಿದೆ. ಅವರು ಇನ್ನೂ ಸಹಿ ಹಾಕಿಲ್ಲ.

ನಿಮ್ಮ ಅಳತೆ ಬಲ್ಲ,
ದರ್ಜಿ