ಸೊನ್ನೆ ಯುರೋ ನೋಟಿನ ಅರಸಿನ ಕಲೆ

ಧರ್ಮಪಾಲನೇ,

'ಪ್ರಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಮೂಡುಬಿದಿರೆಯ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತ ಲೆಟರ್ ರೈಟಿಂಗಿನಲ್ಲಿ ಸಿಟ್ಟಿನ ಪತ್ರ ಇರಲಿಲ್ಲ. ಸಂತಾಪದ್ದು ಇತ್ತು, 'ಇರ್‌ರೆಪೇರೆಬಲ್ ಲಾಸ್' ಎಂದೋ ಏನೋ. ಸ್ಪೆಲ್ಲಿಂಗಿಗೆ ನನ್ನ ಅರ್ಧ ಮಾರ್ಕು ಹೋಗಿತ್ತು. ಇರಲಿ, ವಿಷಯಕ್ಕೆ ಬರುತ್ತೇನೆ.

ನಿಮ್ಮೂರಿನ ನೋಟು-ನಾಣ್ಯಗಳ ಪ್ರದರ್ಶನಕ್ಕೆಂದು ನೀನು ನನ್ನ ಆಲ್ಬಮ್ ಕೊಂಡುಹೋದೆ. ಪ್ರವಾಸಿ ತಾಣಗಳ ನೆನಪಿಗೆ ಅಚ್ಚು ಹಾಕುವ ಸೊನ್ನೆ ಯುರೋ ನೋಟುಗಳು, ನಲವತ್ತೊಂದು. ನಿನ್ನೆ ಇಲ್ಲಿ ಕಕ್ಕಿಂಜೆಗೆ ಬಂದು ವಾಪಸು ಕೊಡುವಾಗ ನಗುತ್ತಾ ಹೇಳಿದೆ: "ಐಫೆಲ್ ಗೋಪುರದ ನೋಟಿನಲ್ಲಿ ಅರಸಿನದ ಕಲೆ ಇತ್ತಲ್ಲ ಮಾರಾಯ, ಮೂರು ದಿನ ಬಿಸಿಲಿಗೆ ಇಟ್ಟೆ. ಈಗ ನೋಡು, ಕಲೆಯೇ ಇಲ್ಲ, ಫಸ್ಟ್ ಕ್ಲಾಸ್ ಕಂಡೀಶನ್."

ಅದನ್ನು ತೆಗೆಯಲು ನಿನಗೆ ಯಾರು ಹೇಳಿದ್ದರು? ಆ ಕಲೆ ನನ್ನ ಸೈನಬಳ ಹೆಬ್ಬೆರಳು. ಅಳಿಯ ಶಮೀರ್ ಅದನ್ನು ಪ್ಯಾರಿಸಿನಿಂದ ತಂದ ದಿನ, ಮೀನಿಗೆ ಅರಸಿನ ಹಚ್ಚುತ್ತಿದ್ದ ಕೈಯಲ್ಲೇ ಹಿಡಿದು ನೋಡಿದ್ದಳು. ನಾನು ಅಳಿಯನ ಎದುರೇ ಬೊಬ್ಬೆ ಹಾಕಿದೆ. ಅವಳು ಮೆಲ್ಲಗೆ, "ಸೊನ್ನೆಯಿಂದ ಕೆಳಗೆ ಇನ್ನೆಷ್ಟು ಇಳಿಯುವುದುಂಟು ಇದರ ಬೆಲೆ?" ಎಂದಳು. ಎರಡು ದಿನ ನಾನು ಮಾತಾಡಲಿಲ್ಲ. ಆಮೇಲೆ ಅವಳು ಆ ಆಲ್ಬಮ್ ಮುಟ್ಟಲೇ ಇಲ್ಲ.

ಅವಳು ಹೋಗಿ ಎರಡು ವರ್ಷ. ಬೆಳಗ್ಗೆ ಚಹಾ ಆದ ಮೇಲೆ ನಾನು ತೆರೆಯುತ್ತಿದ್ದದ್ದು ಆ ಒಂದೇ ಪುಟ. ಗೆರೆಗೆರೆಯಾಗಿ ಬಿದ್ದಿದ್ದ ಆ ಬೆರಳಿನ ಮೇಲೆ ನನ್ನದನ್ನು ಇಡುತ್ತಿದ್ದೆ. ಮಗಳು ರಶೀನಾ ಅವಳ ಸೀರೆಗಳನ್ನೆಲ್ಲ ಹಂಚಿದಾಗಲೂ ಸುಮ್ಮನಿದ್ದೆ, ನನ್ನ ಪಾಲಿನದ್ದು ನನ್ನ ಹತ್ತಿರ ಉಂಟಲ್ಲ ಎಂದು.

'ಕೇಳಿದ್ದೆನಲ್ಲ' ಎನ್ನುತ್ತೀಯ. ಹೌದು, ಕೊಂಡುಹೋಗುವ ದಿನ ನೀನು ಕೇಳಿದ್ದೆ: "ಇದು ಯಾರ ಕೆಲಸ ಮಾರಾಯ?" ಬುದ್ಧಿಯಿಲ್ಲದವರದ್ದು ಎಂದುಬಿಟ್ಟೆ. ತೀರಿಹೋದ ಹೆಂಡತಿಯ ಬೆರಳು ಎಂದು ಈ ಪ್ರಾಯದ ಗಂಡಸು ಹೇಳುವುದು ಹೇಗೆ? ಐವತ್ತು ವರ್ಷದ ಗೆಳೆಯ ನೀನು, ಹೇಳದೆಯೇ ತಿಳಿಯಬೇಕಿತ್ತು. ಈ ಮಾತು ನ್ಯಾಯದ್ದಲ್ಲ, ಗೊತ್ತು. ಆದರೂ ಸಿಟ್ಟು ಇಳಿಯುವುದಿಲ್ಲ.

ಆ ನೋಟನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ನನಗೆ ಬೇಡ, ನೀನೇ ಇಟ್ಟುಕೋ. ನಿನ್ನ ಹೆಂಡತಿ ಪದ್ಮಲತಾ ನೋಡಲು ಬಂದರೆ, ಕೈ ತೊಳೆದು ಬಾ ಎಂದು ಮಾತ್ರ ಹೇಳಬೇಡ.

ಈ ತಿಂಗಳು ನಿನ್ನ ಮುಖ ನೋಡಲಾರೆ. ಅಲ್ಲಾಹು ನಿಮ್ಮಿಬ್ಬರನ್ನೂ ಬಹುಕಾಲ ಒಟ್ಟಿಗೆ ಇಟ್ಟಿರಲಿ.

ಇನ್ನೂ ಸಿಟ್ಟಿನಲ್ಲೇ ಇರುವ,
ಮೊಯಿದಿನಬ್ಬ