ನಾಲ್ಕನೇ ಗುಂಡಿ ಕೆಳಗಿಟ್ಟ ಹಾಡು

ದೊಡ್ಡಪ್ಪಾ,

ನಿನ್ನ ತಮಟೆಯ ವಿಷಯಕ್ಕೇ ಬರೆಯುತ್ತಿದ್ದೇನೆ. ಆ ಮಾತು ಎತ್ತಿದರೆ ಸಾಕು, ಮುಖ ಊದಿಸಿಕೊಂಡು ಟವೆಲ್ ಕೊಡವಿ ಎದ್ದು ಹೋಗುತ್ತಿದ್ದೆ. ಈಗ ಎಲ್ಲಿಗೆ ಹೋಗುತ್ತೀಯಾ? ಕೂತು ಪೂರ್ತಿ ಕೇಳು.

ಮಹೇಶ ನರಸೀಪುರದಿಂದ ಆ ರೆಕಾರ್ಡಿಂಗ್ ಮೆಷಿನ್ನನ್ನು ಬಗಲಿಗೆ ಹಾಕಿಕೊಂಡು ಬಂದ ಭಾನುವಾರ ನೆನಪಿದೆಯಾ? ಬುದ್ಧ ಪೂರ್ಣಿಮೆಗೆ ಒಂದು ಹಾಡಿನ ಕ್ಯಾಸೆಟ್ ಮಾಡೋಣ ಅಂತ ನಂಜನಗೂಡಿನ ನಮ್ಮ ಸಂಘದ ಕೋಣೆಯಲ್ಲಿ ಸೇರಿದ್ದೆವು. ಆರ್ಕೆಸ್ಟ್ರಾದವನಾದ ಮಹೇಶ ಕೀಬೋರ್ಡಿಗೂ ಹಾರ್ಮೋನಿಯಂಗೂ, ನಾನು ಹಾಡುವುದಕ್ಕೆ. ವೈರು ಚುಚ್ಚುವ ಕೆಲಸವೂ ನನ್ನ ತಲೆಗೇ ಬಂತು. ಕೀಬೋರ್ಡಿನದು ಏನೂ ತಾಪತ್ರಯವಿಲ್ಲ, ಹಿಂದಿನ ತೂತಿನಿಂದ ವೈರು ಎಳೆದು ಮೆಷಿನ್ನಿಗೆ ಸಿಕ್ಕಿಸಿದರೆ ಮುಗಿಯಿತು. ಹಾರ್ಮೋನಿಯಂಗೆ ತೂತೆಲ್ಲಿದೆ? ಅದಕ್ಕೆ ಮೈಕ್ ಇಟ್ಟೆ. ತಿದಿಯ ಹತ್ತಿರ ಇಟ್ಟರೆ ಬುಸ್ ಬುಸ್ ಅಂತ ಬರೀ ಗಾಳಿ. ಸ್ಟೂಲಿನ ಮೇಲೆ ಎತ್ತಿಟ್ಟ ಮೇಲೆ ಸರಿಹೋಯಿತು. ಮೂರನೆಯದು ನನ್ನ ದನಿ. ಒಂದೇ ಕ್ಯಾಸೆಟ್ಟಿನಲ್ಲಿ ನಾಲ್ಕು ಟ್ರ್ಯಾಕು, ಒಂದೊಂದರ ಸದ್ದು ಹೆಚ್ಚು ಕಡಿಮೆ ಮಾಡಲು ಒಂದೊಂದು ಜಾರುಗುಂಡಿ. ನಾಲ್ಕನೆಯದು ಖಾಲಿ ಇತ್ತು. ಅದಕ್ಕೆ ತಮಟೆಯೇ ಬೇಕು ಅಂತ ಹಟ ಹಿಡಿದವಳು ನಾನು.

ನಮ್ಮ ಬೀದಿಯಲ್ಲಿ ನಿನ್ನ ಹಾಗೆ ಬಾರಿಸುವವರು ಯಾರೂ ಇರಲಿಲ್ಲ ಅಂತ ಅಪ್ಪ ಹೇಳುತ್ತಿದ್ದ. ಬಿಟ್ಟದ್ದು ಯಾಕೆ ಅಂತಲೂ ಅವನೇ ಹೇಳಿದ. ನಿನ್ನ ಮಗಳು ಶೋಭಾ ಹುಟ್ಟಿದ ವಾರ ಮೇಲಿನ ಬೀದಿಯ ಸಾವಿಗೆ ಬಾರಿಸಲು ಹೋಗಿದ್ದೆಯಂತೆ. "ಎಣ್ಣಂತಲ್ಲಾ ಕಣ್ಲಾ? ಗಂಡಾಗಿದ್ರೆ ನಮ್ಗಿನ್ನೊಬ್ಬ ತಮ್ಟೆಯವ್ನು ಸಿಕ್ತಿದ್ದ" ಅಂತ ಅಲ್ಲಿ ಯಾರೋ ಅಂದರಂತೆ, ಉಳಿದವರು ನಕ್ಕರಂತೆ. ನೀನು ಬಾರಿಸಿ ಮುಗಿಸಿದೆ. ಮನೆಗೆ ಬಂದು ತಮಟೆಯನ್ನು ಅಟ್ಟಕ್ಕೆ ಎಸೆದೆ, ಆಮೇಲೆ ಫ್ಯಾಕ್ಟರಿ ಕೆಲಸಕ್ಕೆ ಸೇರಿದೆ. ತನ್ನ ಅಪ್ಪ ತಮಟೆಯವನು ಅನ್ನುವುದು ಶೋಭಾಳಿಗೆ ಗೊತ್ತೇ ಆಗಬಾರದು ಅಂತ ಮನೆಯವರ ಬಾಯಿಗೆಲ್ಲ ಬೀಗ ಹಾಕಿಸಿದೆ.

"ಮುಟ್ಟಕಿಲ್ಲ ಅಂದ್ನಲ್ಲಮ್ಮಿ, ಎಷ್ಟು ಸಲ ಏಳ್ಬೇಕು?" ಅಂತ ಅವತ್ತು ರೇಗಿದೆ. ನಾನು ಬಿಡುವವಳಾ? ನಿನ್ನನ್ನು ಮೆಷಿನ್ನಿನ ಮುಂದೆ ಕೂರಿಸಿ ಕೀಬೋರ್ಡಿನ ಗುಂಡಿಯನ್ನು ಕೆಳಗೆಳೆದು ತೋರಿಸಿದೆ. ಕೀಬೋರ್ಡು ಮಾಯ, ನನ್ನ ಹಾಡು ಇದ್ದ ಹಾಗೇ ಇದೆ. ನೀನೇ ಒಂದು ಸಲ ಎಳೆದು ನೋಡಿದೆ.

"ಮಿಕ್ಕಿದ್ದೆಲ್ಲ ಅಂಗೇ ಇರ್ತದಾ?"

"ಇರ್ತದೆ ದೊಡ್ಡಪ್ಪ."

"ಅಂಗಾದ್ರೆ ನಾನು ಊಂ ಅನ್ನೋಗಂಟ ನನ್ ಗುಂಡಿ ಕೆಳ್ಗೇ ಇರ್ಬೇಕು. ಶೋಭಿ ಕಿವೀಗ್ ಬೀಳ್ಕೂಡ್ದು. ಆಯ್ತಾ?"

ಆಯ್ತು ಅಂದೆ.

ಅಟ್ಟದಿಂದ ಇಳಿಸಿದ ತಮಟೆಯನ್ನು ಹುಲ್ಲಿಗೆ ಬೆಂಕಿ ಹಾಕಿ ಕಾಯಿಸಿ ನೀನು ಒಂದೇ ಒಂದು ಏಟು ಹಾಕಿದೆ ನೋಡು, ಸದ್ದು ಜಾಸ್ತಿಯಾಯಿತು ಅನ್ನುವ ಮೆಷಿನ್ನಿನ ಕೆಂಪು ದೀಪ ಹತ್ತಿಕೊಂಡು ಆರಲೇ ಇಲ್ಲ! ಸದ್ದು ಎಷ್ಟು ಇಳಿಸಿದರೂ ಬರೀ ಚರಚರ. ಕೊನೆಗೆ ನಿನ್ನನ್ನು ಹಿತ್ತಲಿಗೆ ಅಟ್ಟಿ, ಮೈಕನ್ನು ಒಳಗೆ ಕಿಟಕಿಯ ಮೇಲಿಟ್ಟು ಅದಕ್ಕೆ ನಿನ್ನದೇ ಟವೆಲ್ ಸುತ್ತಿದೆ. ನಿನ್ನ ಕಿವಿಗೆ ಹೆಡ್‌ಫೋನು, ಅದರಲ್ಲಿ ನಾವು ಮೊದಲೇ ತುಂಬಿದ್ದ ಹಾಡು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ನೀನು ಹೆಡ್‌ಫೋನು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದೆ. "ಇವ್ರ್ಯಾರೂ ನನ್ ಮಾತೇ ಕೇಳ್ತಿಲ್ವಲ್ಲಮ್ಮಿ!"

"ಅದು ಆಗ್ಲೇ ಆಡಿ ಆಗದೆ ಯಜಮಾನ್ರೇ, ಈಗ ಎಂಗೆ ಕೇಳ್ತದೆ?" ಅಂತ ಮಹೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ನೀನು ಹೇಳಿದ್ದು ಸರಿಯೇ ಇತ್ತು. ಎಲ್ಲರೂ ತಮಟೆಯ ಹಿಂದೆ ಹೋಗಬೇಕು, ತಮಟೆ ಯಾರ ಹಿಂದೆ ಹೋಗುತ್ತೆ? ಎಲ್ಲ ಅಳಿಸಿ ತಿರುಗಾ ಶುರು ಮಾಡಿದೆವು. ಮೊದಲು ನೀನು ಒಬ್ಬನೇ ಬಾರಿಸಿದೆ. ನಾನು ಎದುರಿಗೆ ನಿಂತು ಸದ್ದಿಲ್ಲದೆ ಬಾಯಿ ಮಾತ್ರ ಆಡಿಸಿದೆ, ನೀನು ನನ್ನ ತುಟಿಯನ್ನೇ ನೋಡುತ್ತಿದ್ದೆ. ಎರಡನೇ ಚರಣ ಮುಗಿದಲ್ಲಿ ಕಣ್ಣು ಮುಚ್ಚಿಕೊಂಡು ಅದೇನೋ ಒಂದು ವರಸೆ ತೆಗೆದೆಯಲ್ಲ... ನನ್ನ ಬಾಯಿ ಹಾಗೇ ನಿಂತುಹೋಯಿತು. ಆಮೇಲೆ ನಿನ್ನ ತಮಟೆಯ ಮೇಲೆ ಉಳಿದದ್ದೆಲ್ಲ ತುಂಬಿದಾಗ, ಅಲ್ಲಿಗೆ ಬಂದರೆ ನಾವೆಲ್ಲ ನಿಂತು ನಿನ್ನ ವರಸೆ ಮುಗಿಯುವವರೆಗೆ ಕಾಯುತ್ತಿದ್ದೆವು.

ಕೊಟ್ಟ ಮಾತಿನಂತೆ ನಿನ್ನ ಗುಂಡಿ ಕೆಳಗಿಟ್ಟೇ ಊರವರಿಗೆ ಹಂಚಲು ಪ್ರತಿ ತೆಗೆದೆವು. ಆಗ ತಿಳಿಯಿತು ಪಜೀತಿ. ಉಳಿದದ್ದೆಲ್ಲ ಹಾಗೇ ಇರುತ್ತೆ ಅಂದಿದ್ದೆನಲ್ಲ, ಇತ್ತು, ಆದರೆ ಎರಡನೇ ಚರಣದ ಮುಂದೆ ಹಾಡು ಗಪ್ ಅಂತ ನಿಲ್ಲುತ್ತಿತ್ತು. ಕವಲಂದೆಯಿಂದಲೂ ಜನ ಬಂದು ಕೇಳಿದರು, "ಅಲ್ಯಾಕೆ ಸುಮ್ಕಾಯ್ತೀರಾ? ಕ್ಯಾಸೆಟ್ ಕೆಟ್ಟೋಗದಾ?" ನಿನಗೆ ಹೇಳಿದೆ. "ಇರ್ಲಿ ಬುಡು" ಅಂದೆ, ಮೀಸೆಯಡಿ ನಗುತ್ತಿದ್ದೆ. ಇವತ್ತಲ್ಲ ನಾಳೆ ಊಂ ಅನ್ನುತ್ತೀಯ ಅಂತ ಕಾದೆ.

ಎಲ್ಲಿ ಅಂದೆ? ಫ್ಯಾಕ್ಟರಿಯಿಂದ ಬಂದವನು ಎದೆ ನೋವು ಅಂತ ಜಗಲಿಯಲ್ಲಿ ಕೂತೆ, ಅಷ್ಟೇ. ನಿನ್ನ ಮಣ್ಣಿಗೆ ತಮಟೆ ಬೇಡ ಅಂತ ದೊಡ್ಡಮ್ಮನಿಗೆ ಮೊದಲೇ ಹೇಳಿದ್ದೆಯಂತೆ. ಯಾರೂ ಬಾರಿಸಲಿಲ್ಲ. ಊರಿನ ಹೆಣಕ್ಕೆಲ್ಲ ಬಾರಿಸಿದವನನ್ನು ನಾವು ಬಾಯಿ ಮುಚ್ಚಿಕೊಂಡು ಹೊತ್ತುಕೊಂಡು ಹೋದೆವು.

ಈಗ ಕೇಳು. ಹೋದ ವಾರ ನರಸೀಪುರಕ್ಕೆ ಶೋಭಾಳ ಮನೆಗೆ ಹೋಗಿದ್ದೆ. ಅವಳು ಈಗ ಸ್ಕೂಲಿನಲ್ಲಿ ಟೀಚರ್ ಅನ್ನುವುದು ನಿನಗೆ ಗೊತ್ತು. ಗೊತ್ತಿಲ್ಲದ್ದು, ನಿನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮೂಗು ನಿನ್ನದೇ, ಪಾಪ. ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನು ತಟ್ಟುತ್ತಾ ನಮ್ಮ ಕ್ಯಾಸೆಟ್ಟನ್ನೇ ಹಾಕಿಕೊಂಡು ಕೂತಿದ್ದಳು. ಎರಡನೇ ಚರಣ ಮುಗಿಯಿತು, ಹಾಡು ನಿಂತಿತು. ಶೋಭಾಳ ಕೈ ನಿಲ್ಲಲಿಲ್ಲ. ಮಗುವಿನ ಬೆನ್ನ ಮೇಲೆ ಮೆತ್ತಗೆ ನಿನ್ನ ವರಸೆ ಪೂರ್ತಿ ಬಂತು. ಅವಳ ಬೆರಳು ಮುಗಿಸಿದ್ದಕ್ಕೂ ಕ್ಯಾಸೆಟ್ಟಿನಲ್ಲಿ ನಾನು ಮೂರನೇ ಚರಣ ಎತ್ತಿಕೊಂಡಿದ್ದಕ್ಕೂ ಸರಿಹೋಯಿತು.

"ಇದನ್ನ ಯಾರೇ ಕಲಿಸಿದ್ದು ನಿಂಗೆ?" ಅಂದೆ.

"ಯಾವ್ದು? ಇದಾ? ಅಪ್ಪ ನನ್ನ ಇಂಗೇ ತಟ್ಟಿ ಮಲಗಿಸ್ತಿದ್ದದ್ದು ಕಣಕ್ಕ. ದಿನಾ ಇದೇ."

ಅಟ್ಟಕ್ಕೆ ಎಸೆದೆ ಅಂತ ನಾವೆಲ್ಲ ನಂಬಿಕೊಂಡಿದ್ದರೆ, ನೀನು ದಿನಾ ಅವಳ ಬೆನ್ನ ಮೇಲೆ...

ಹೇಳದೆ ಇರಲು ನನ್ನಿಂದಾಗಲಿಲ್ಲ. ಎಲ್ಲ ಹೇಳಿದೆ. ಅತ್ತಳು. ಆಮೇಲೆ ಇಷ್ಟು ವರ್ಷ ಮುಚ್ಚಿಟ್ಟಿದ್ದಕ್ಕೆ ನನಗೆ ಚೆನ್ನಾಗಿ ಬೈದಳು, ನಿನಗೂ ಸೇರಿಸಿ. ಮಹೇಶ ಕಂಪ್ಯೂಟರ್ ತಗೊಂಡ ಮೇಲೆ ಆ ಹಳೇ ಮೆಷಿನ್ನು ನನ್ನ ಹತ್ತಿರವೇ ಇದೆ. ಮಾರನೇ ದಿನ ಅದನ್ನೂ ನಾಲ್ಕೂ ಟ್ರ್ಯಾಕು ಇರುವ ಮೊದಲ ಕ್ಯಾಸೆಟ್ಟನ್ನೂ ಬಸ್ಸಿನಲ್ಲಿ ಹೊತ್ತುಕೊಂಡು ಹೋದೆ. ನಾಲ್ಕನೇ ಗುಂಡಿಗೆ ನಾನು ಕೈ ಹಾಕಲಿಲ್ಲ. ಮೇಲಕ್ಕೆ ತಳ್ಳಿದವಳು ನಿನ್ನ ಮಗಳು, ಬೈಯುವುದಿದ್ದರೆ ಅವಳನ್ನು ಬೈ. "ಇನ್ ಮೇಲೆ ಇದು ಕೆಳಗೆ ಬರಂಗಿಲ್ಲ" ಅಂದಳು. ತಮಟೆ ಕಿಟಕಿ ಅದುರುವಷ್ಟು ಜೋರಾಗಿ ಬಂತು. ನಿದ್ದೆ ಹೋಗಿದ್ದ ಮಗು ಬೆಚ್ಚಿಬಿದ್ದು ಕಿರುಚುತ್ತೆ ಅಂತ ನಾನು ಎತ್ತಿಕೊಳ್ಳಲು ಓಡಿದೆ.

ಇಲ್ಲ ದೊಡ್ಡಪ್ಪ. ಹಾಡು ಮುಗಿಯುವವರೆಗೂ ಮಲಗೇ ಇತ್ತು.

ನಿನ್ನ
ರತ್ನಿ